ನಿಮಗಿದು ಗೊತ್ತೇ? ಎಂಟನೇ ತರಗತಿಯ ಒಂದು ಪರೀಕ್ಷೆ, 48,000 ರೂಪಾಯಿ

ಎಂಟನೇ ತರಗತಿಯಲ್ಲಿ ಒಂದೇ ದಿನ ಕೂತು ಬರೆಯುವ ಪರೀಕ್ಷೆಯೊಂದಿದೆ. ಅದರಲ್ಲಿ ಆಯ್ಕೆಯಾದ ಮಗುವಿಗೆ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿಯಂತೆ ನಾಲ್ಕು ವರ್ಷಕ್ಕೆ ಒಟ್ಟು 48,000 ರೂಪಾಯಿ ಸಿಗುತ್ತದೆ. ಇದೇ ಎನ್‌ಎಂಎಂಎಸ್. 2008ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಯೋಜನೆ ಇದು. ದೇಶದಲ್ಲಿ ಪ್ರತಿ ವರ್ಷ ಒಂದು ಲಕ್ಷ ಹೊಸ ವಿದ್ಯಾರ್ಥಿವೇತನಗಳಿವೆ. ಮೊದಲು ವರ್ಷಕ್ಕೆ 6,000 ಇತ್ತು, 2017ರಲ್ಲಿ ಎರಡು ಪಟ್ಟಾಯಿತು. ಭೀಮರಾಯನಗುಡಿ (ಭೀ.ಗುಡಿ), ಶಹಾಪುರ, ಸುರಪುರ ಸೀಮೆಯ ಪ್ರತಿ ಮನೆಗೂ ಈ ಹೆಸರು ಗೊತ್ತಿರಬೇಕು. ಆದ್ದರಿಂದ ಈ ಸಲದ ಅಂಕಣವೆಲ್ಲ ಹೈಸ್ಕೂಲು ಮಕ್ಕಳ ಸ್ಪರ್ಧೆಗಳಿಗೇ ಮೀಸಲು.

ಎನ್‌ಎಂಎಂಎಸ್‌ಗೆ ಖಾಸಗಿ ಶಾಲೆಯ ಮಕ್ಕಳು ಕೂರುವಂತಿಲ್ಲ. ನವೋದಯ, ಕೇಂದ್ರೀಯ ವಿದ್ಯಾಲಯದವರಿಗೂ ಅವಕಾಶವಿಲ್ಲ. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ದಾಟಿರಬಾರದು, ಏಳನೇ ತರಗತಿಯಲ್ಲಿ ಶೇ 55 ಅಂಕ ಬಂದಿರಬೇಕು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಶೇ 50 ಸಾಕು. ಅಂದರೆ ನಮ್ಮೂರ ಹುಡುಗಿಯ ಎದುರಾಳಿ ಬೆಂಗಳೂರಿನ ದುಬಾರಿ ಶಾಲೆಯವಳಲ್ಲ, ಅವಳಂತೆಯೇ ಬಿಸಿಯೂಟ ಉಂಡು ಕನ್ನಡದಲ್ಲೇ ಓದುವ ಇನ್ನೊಬ್ಬಳು. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ. ನನಗೆ ಗೊತ್ತಿರುವ ಸ್ಪರ್ಧೆಗಳಲ್ಲೆಲ್ಲ ಬಡ ಮಕ್ಕಳಿಗೆ ಇಷ್ಟು ನ್ಯಾಯವಾಗಿರುವುದು ಇನ್ನೊಂದಿಲ್ಲ.

ಪರೀಕ್ಷೆ ಹೇಗಿರುತ್ತದೆ? ತೊಂಬತ್ತು ಪ್ರಶ್ನೆಗಳ ಎರಡು ಪತ್ರಿಕೆ, ಒಂದೊಂದಕ್ಕೆ ತೊಂಬತ್ತು ನಿಮಿಷ. ಎರಡನೆಯದರಲ್ಲಿ ವಿಜ್ಞಾನ 35, ಸಮಾಜ 35, ಗಣಿತ 20. ಇದು ಶಾಲೆಯ ಪಾಠವೇ. ಮಕ್ಕಳು ಗಾಬರಿಯಾಗುವುದು ಮೊದಲನೆಯ ಪತ್ರಿಕೆಗೆ, ಬೌದ್ಧಿಕ ಸಾಮರ್ಥ್ಯದ ಪ್ರಶ್ನೆಗಳಿಗೆ. ಅವು ಯಾವ ಪುಸ್ತಕದಲ್ಲೂ ಪಾಠವಾಗಿ ಇರುವುದಿಲ್ಲ. ಆ ಜಾತಿಯ ಒಂದು ಪ್ರಶ್ನೆ ನೋಡಿ: ಕನ್ನಡಿಯಲ್ಲಿ ಗೋಡೆ ಗಡಿಯಾರ 3 ಗಂಟೆ 40 ನಿಮಿಷ ತೋರಿಸುತ್ತಿದೆ, ನಿಜವಾದ ಸಮಯವೆಷ್ಟು? ಮುಳ್ಳುಗಳನ್ನು ತಲೆಯಲ್ಲಿ ತಿರುಗಿಸುತ್ತ ಕೂತರೆ ಎರಡು ನಿಮಿಷ ಹೋಗುತ್ತದೆ. ಕನ್ನಡಿಯ ಸಮಯವನ್ನು 12 ಗಂಟೆಯಿಂದ, ಅಂದರೆ 11 ಗಂಟೆ 60 ನಿಮಿಷದಿಂದ ಕಳೆದರೆ 8 ಗಂಟೆ 20 ನಿಮಿಷ ಎಂದು ಕೂಡಲೇ ಸಿಗುತ್ತದೆ. ಇನ್ನೊಂದು: 2, 6, 12, 20, 30, ಮುಂದೇನು? ಒಂದೆರಡಲ ಎರಡು, ಎರಡು ಮೂರಲ ಆರು, ಮೂರು ನಾಕಲ ಹನ್ನೆರಡು ಎಂದು ಮಗ್ಗಿ ಹೇಳಿಕೊಂಡು ಹೋದ ಮಗು 42 ಎಂದು ಬರೆದೇ ಬಿಡುತ್ತದೆ. ಹಳೆಯ ಪತ್ರಿಕೆಗಳನ್ನು ದಿನಕ್ಕೆ ಹತ್ತು ಪ್ರಶ್ನೆಯಂತೆ ಬಿಡಿಸಿದರೆ ಮೂರು ತಿಂಗಳಲ್ಲಿ ಈ ಭಯ ಹೋಗುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಅರ್ಹತೆಗೆ ಎರಡೂ ಪತ್ರಿಕೆ ಸೇರಿ ಬೇಕಾದದ್ದು ಶೇ 40. ಪರಿಶಿಷ್ಟ ಜಾತಿ, ಪಂಗಡಕ್ಕೆ ಶೇ 32.

ಒಂದು ತೊಡಕಿದೆ. ಈ ಪರೀಕ್ಷೆ ಸಾಮಾನ್ಯವಾಗಿ ಚಳಿಗಾಲದಲ್ಲಿ ಬರುತ್ತದೆ. ಶಹಾಪುರ, ಸುರಪುರದ ಕಪ್ಪು ಹೊಲಗಳಲ್ಲಿ ಹತ್ತಿ ಬಿಡಿಸುವುದು ಅದೇ ಹೊತ್ತಿಗೆ. ಗುಳೆ ಹೋಗುವ ಕುಟುಂಬಗಳು ಗಂಟುಮೂಟೆ ಕಟ್ಟುವುದೂ ಸುಗ್ಗಿಯ ಹಿಂದೆಯೇ. ಹುಡುಗ ಸಾಲಿಗೆ ಬಂದಿಲ್ಲವೆಂದರೆ ಅರ್ಜಿಯೂ ಹೋಗುವುದಿಲ್ಲ. ಹಾಜರಾತಿ ಪುಸ್ತಕದ ಖಾಲಿ ಮನೆಗೂ ಈ 48,000ಕ್ಕೂ ನೇರ ಸಂಬಂಧವಿದೆ.

ನಮ್ಮ ಯಾದಗಿರಿ ಕರ್ನಾಟಕದ 30ನೇ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. 2011ರ ಜನಗಣತಿಯಲ್ಲಿ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಅತಿ ಕಡಿಮೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ 94ರೊಂದಿಗೆ ಮೊದಲ ಸ್ಥಾನದಲ್ಲಿದ್ದರೆ ಯಾದಗಿರಿ ಶೇ 50.59ರೊಂದಿಗೆ ಕೊನೆಯಲ್ಲಿತ್ತು. ಫಲಿತಾಂಶದ ಹೊತ್ತಿಗೆ ಪತ್ರಿಕೆಗಳಲ್ಲಿ ನಮ್ಮ ಜಿಲ್ಲೆಯ ಹೆಸರು ಹೆಚ್ಚಾಗಿ ಹೀಗೆ ಪಟ್ಟಿಯ ಕೆಳಗೇ ಅಚ್ಚಾಗುತ್ತದೆ. ಆದರೆ ಆ ಪಟ್ಟಿ ಹೇಳುವುದು ಜಿಲ್ಲೆಯ ಸರಾಸರಿಯನ್ನು. ಸರಾಸರಿಗೆ ಹಾಲ್ ಟಿಕೆಟ್ ಕೊಡುವುದಿಲ್ಲ, ಅದು ಸಿಗುವುದು ಒಬ್ಬೊಬ್ಬ ಮಗುವಿಗೆ. ಒಂದು ಶಾಲೆಯ ಅರ್ಧ ಮಕ್ಕಳು ಹಿಂದುಳಿದಿದ್ದಾರೆ ಎಂಬ ಕಾರಣಕ್ಕೆ ಮುಂದಿನ ಬೆಂಚಿನ ಮೂವರ ಅರ್ಜಿ ತುಂಬದೆ ಬಿಡುವುದು ಅನ್ಯಾಯ.

ಈ ಸೀಮೆಗೂ ಗಣಿತಕ್ಕೂ ಇರುವ ನಂಟು ನೋಡಲು ಇನ್ನು ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ಜಿಲ್ಲೆಯ ಪಕ್ಕದಲ್ಲೇ, ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ ಜ್ಯೋತಿಷದ ನಂಟು ಬಿಟ್ಟು ಗಣಿತಕ್ಕೇ ಮೀಸಲಾದ ಗ್ರಂಥ. ಅದರಲ್ಲಿ ಗುಣಾಕಾರದ ‘ಹಾರ’ಗಳಿವೆ. 12345679 ಅನ್ನು 9ರಿಂದ ಗುಣಿಸಿ: 111111111. 152207 ಅನ್ನು 73ರಿಂದ ಗುಣಿಸಿ: 11111111. 142857143 ಅನ್ನು 7ರಿಂದ ಗುಣಿಸಿದರೆ 1000000001, ಎರಡು ತುದಿಗೆ ಒಂದೊಂದು ಮಣಿ, ನಡುವೆ ಬರೀ ಸೊನ್ನೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಕ್ಯಾಲ್ಕುಲೇಟರ್ ಮುಟ್ಟದೆ 27994681 ಅನ್ನು 441ರಿಂದ ಗುಣಿಸಲು ಇವತ್ತು ಒಂಬತ್ತನೇ ತರಗತಿಗೆ ಹೇಳಿ. 12345654321 ಬಂದಾಗ ಅವರ ಮುಖ ನೋಡಿ.

ಕನ್ನಡದಲ್ಲೇ ಗಣಿತ ಬರೆದವನೂ ಇದ್ದಾನೆ. 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ರಚಿಸಿದ. ಗಣಿತಕ್ಕೆ ಇಂಗ್ಲಿಷ್ ಬೇಕೇ ಬೇಕು ಎನ್ನುವವರಿಗೆ ಈ ಹೆಸರು ಹೇಳಿ.

ಶಾಲಾ ಮಕ್ಕಳ ಗಣಿತ ಸ್ಪರ್ಧೆಗಳು ಇಂದಿನ ರೂಪಕ್ಕೆ ಬಂದದ್ದು ಹಂಗೆರಿಯಲ್ಲಿ, 1894ರಲ್ಲಿ. ಆಗ ಶುರುವಾದ ಎಟ್ವೆಷ್ ಸ್ಪರ್ಧೆಯಲ್ಲಿ 1898ರಲ್ಲಿ ಗೆದ್ದ ಹುಡುಗ ಥಿಯೊಡೋರ್ ಫಾನ್ ಕಾರ್ಮಾನ್ ಮುಂದೆ ವಿಮಾನಶಾಸ್ತ್ರದ ದೊಡ್ಡ ಹೆಸರಾದ. ನನಗೆ ಇದಕ್ಕಿಂತ ಹೆಚ್ಚು ಇಷ್ಟವಾಗುವುದು ಅದೇ 1894ರ ಇನ್ನೊಂದು ಕೆಲಸ. ಗ್ಯೋರ್ ಎಂಬ ಊರಿನ ಶಾಲಾ ಮೇಷ್ಟ್ರು ದಾನಿಯೆಲ್ ಅರಾನಿ ಹೈಸ್ಕೂಲು ಮಕ್ಕಳಿಗಾಗಿ ಒಂದು ಗಣಿತ ಪತ್ರಿಕೆ ಹೊರಡಿಸಿದರು. ಪತ್ರಿಕೆಯಲ್ಲಿ ಲೆಕ್ಕಗಳು ಅಚ್ಚಾಗುತ್ತಿದ್ದವು, ಮಕ್ಕಳು ಅಂಚೆಯಲ್ಲಿ ಉತ್ತರ ಕಳಿಸುತ್ತಿದ್ದರು, ಬಿಡಿಸಿದವರ ಹೆಸರು ಪತ್ರಿಕೆಯಲ್ಲಿ ಬರುತ್ತಿತ್ತು. ಮುಂದೆ ಚೆನ್ನಾಗಿ ಬಿಡಿಸಿದವರ ಫೋಟೊ ಕೂಡ ಅಚ್ಚಾಗತೊಡಗಿತು. ಹಾಗೆ ಫೋಟೊ ಬಂದ ಹುಡುಗರಲ್ಲಿ ಮುಂದೆ ಹೆಸರಾಂತ ಗಣಿತಜ್ಞನಾದ ಪಾಲ್ ಎರ್ಡಿಶ್ ಒಬ್ಬ. ಆ ಪತ್ರಿಕೆ ಇಂದಿಗೂ ಹೊರಡುತ್ತಿದೆ. ಇದಕ್ಕೆ ಬೇಕಾದದ್ದು ಒಬ್ಬ ಮೇಷ್ಟ್ರು ಮತ್ತು ತಿಂಗಳಿಗೆ ಹತ್ತು ಒಳ್ಳೆಯ ಲೆಕ್ಕ. ಭೀ.ಗುಡಿಯ ಯಾವುದೇ ಶಾಲೆಯ ನೋಟಿಸ್ ಬೋರ್ಡಿನಲ್ಲಿ ಇದನ್ನು ನಾಳೆಯೇ ಶುರು ಮಾಡಬಹುದು: ಸೋಮವಾರ ಒಂದು ಲೆಕ್ಕ, ಶನಿವಾರ ಬಿಡಿಸಿದವರ ಹೆಸರು.

ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್ 1959ರಲ್ಲಿ ರುಮೇನಿಯಾದಲ್ಲಿ ಆರಂಭವಾಯಿತು. ಭಾರತ ಹೋದದ್ದು 1989ರಲ್ಲಿ. ಎರಡು ದಿನ, ದಿನಕ್ಕೆ ನಾಲ್ಕೂವರೆ ಗಂಟೆ, ದಿನಕ್ಕೆ ಮೂರೇ ಲೆಕ್ಕ. ಒಂದು ಲೆಕ್ಕಕ್ಕೆ ಏಳು ಅಂಕ, ಒಟ್ಟು 42. 2024ರಲ್ಲಿ ಭಾರತದ ತಂಡ ನಾಲ್ಕು ಚಿನ್ನ ಗೆದ್ದು ನಾಲ್ಕನೇ ಸ್ಥಾನಕ್ಕೆ ಬಂತು, ಅಲ್ಲಿಯವರೆಗಿನ ಅತ್ಯುತ್ತಮ ಸ್ಥಾನ. ಬೆಂಗಳೂರಿನ ಪ್ರಾಂಜಲ್ ಶ್ರೀವಾಸ್ತವ 2019, 2021, 2022ರಲ್ಲಿ ಚಿನ್ನ ಗೆದ್ದು ಮೂರು ಚಿನ್ನ ಪಡೆದ ಮೊದಲ ಭಾರತೀಯನಾದ.

ಈ ಒಲಿಂಪಿಯಾಡ್‌ನಲ್ಲಿ ಮಗು ತನಗೆ ಬೇಕಾದ ಭಾಷೆಯಲ್ಲಿ ಪ್ರಶ್ನೆ ಪಡೆದು ಅದೇ ಭಾಷೆಯಲ್ಲಿ ಉತ್ತರ ಬರೆಯಬಹುದು. ತಂಡದ ನಾಯಕರೇ ಅನುವಾದ ಮಾಡುತ್ತಾರೆ. ಅಳೆಯುವುದು ತರ್ಕವನ್ನು, ಭಾಷೆಯನ್ನಲ್ಲ.

ಭಾರತದ ಮಕ್ಕಳನ್ನು ಇದಕ್ಕೆ ಅಣಿಗೊಳಿಸಿದವರಲ್ಲಿ ಕರ್ನಾಟಕದ ಮೇಷ್ಟ್ರುಗಳ ಪಾಲು ದೊಡ್ಡದು. ಸಿ.ಆರ್. ಪ್ರಾಣೇಶಾಚಾರ್, ಬಿ.ಜೆ. ವೆಂಕಟಾಚಲ, ಸಿ.ಎಸ್. ಯೋಗಾನಂದ ಈ ಮೂವರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಒಲಿಂಪಿಯಾಡ್ ಘಟಕದಲ್ಲಿ ದುಡಿದವರು. ಅವರು ಸೇರಿ ಬರೆದ ಲೆಕ್ಕಗಳ ಪುಸ್ತಕ ಒಲಿಂಪಿಯಾಡ್‌ಗೆ ಓದುವವರಿಗೆಲ್ಲ ಪರಿಚಿತ. ಮೊದಲ ಮೆಟ್ಟಿಲಾದ ಐಒಕ್ಯೂಎಂ ಪರೀಕ್ಷೆಗೆ ಎಂಟನೇ ತರಗತಿಯಿಂದಲೇ ಕೂರಬಹುದು: ಮೂವತ್ತು ಲೆಕ್ಕ, ಮೂರು ಗಂಟೆ, ಉತ್ತರ ಎರಡಂಕಿಯೊಳಗಿನ ಪೂರ್ಣಸಂಖ್ಯೆ. ಕಷ್ಟದ್ದೇ. ಆದರೂ ಹಳೆಯ ಪತ್ರಿಕೆಗಳನ್ನು ಇಳಿಸಿಕೊಂಡು ಬಿಡಿಸಲು ಕಾಸು ಬೇಕಿಲ್ಲ.

ಇರಾನಿನ ಮರ್ಯಮ್ ಮಿರ್ಜಾಖಾನಿ 1994ರ ಅಂತಾರಾಷ್ಟ್ರೀಯ ಒಲಿಂಪಿಯಾಡ್‌ನಲ್ಲಿ 42ಕ್ಕೆ 41 ಅಂಕ ಪಡೆದು ಚಿನ್ನ ಗೆದ್ದರು. ಮರುವರ್ಷ 42ಕ್ಕೆ 42. 2014ರಲ್ಲಿ ಗಣಿತದ ಅತಿ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆ ಅವರು. 2011ರಲ್ಲಿ ಮಹಿಳಾ ಸಾಕ್ಷರತೆ ಶೇ 41ರ ಆಸುಪಾಸಿನಲ್ಲಿದ್ದ ನಮ್ಮ ಜಿಲ್ಲೆಯ ಹುಡುಗಿಯರಿಗೆ ಈ ಕಥೆಯನ್ನು ಯಾರಾದರೂ ಕೂರಿಸಿಕೊಂಡು ಹೇಳಬೇಕು.

ಪ್ರಶ್ನೆಪತ್ರಿಕೆಯೇ ಇಲ್ಲದ ಸ್ಪರ್ಧೆಯೂ ಉಂಟು. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ರಾಷ್ಟ್ರಮಟ್ಟದಲ್ಲಿ ನಡೆಯುತ್ತಿದೆ, 10ರಿಂದ 17 ವರ್ಷದ ಮಕ್ಕಳಿಗೆ. ಕರ್ನಾಟಕದಲ್ಲಿ ಇದನ್ನು ಊರೂರಿಗೆ ಒಯ್ದದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ‘ಬಾಲವಿಜ್ಞಾನ’ ಮಾಸಪತ್ರಿಕೆ ಹೊರಡಿಸುವ ಅದೇ ಸಂಸ್ಥೆ. ಇಬ್ಬರು ಮಕ್ಕಳು, ಒಬ್ಬ ಮಾರ್ಗದರ್ಶಿ, ತಮ್ಮೂರಿನದೇ ಒಂದು ಸಮಸ್ಯೆ. ಅಧ್ಯಯನ ಮಾಡಿ, ಅಳೆದು, ಬರೆದು, ಕನ್ನಡದಲ್ಲೇ ಮಂಡಿಸಬಹುದು.

ಸಮಸ್ಯೆ ಹುಡುಕಿಕೊಂಡು ಭೀ.ಗುಡಿಯವರು ದೂರ ಹೋಗಬೇಕಾಗಿಲ್ಲ. ಈ ಊರು ಬೆಳೆದದ್ದೇ ಕೃಷ್ಣಾ ಮೇಲ್ದಂಡೆ ಯೋಜನೆಯ ಕ್ಯಾಂಪಾಗಿ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಯೋಜನೆ ಅದು. ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆಯ ನೀರು ಶಾಖಾ ಕಾಲುವೆಗಳಾಗಿ ಸುರಪುರ, ಶಹಾಪುರದ ಹೊಲಗಳಿಗೆ ಬಂತು. ಯೋಜನೆ ರೂಪಿಸಿದವರು ಅಂದುಕೊಂಡದ್ದು ಕಡಿಮೆ ನೀರಿನ ಬೆಳೆಗಳನ್ನು. ಕಾಲುವೆಯ ಮೇಲ್ಭಾಗದವರು ಭತ್ತ ಹಚ್ಚಿದರು. ಮೇಲೆ ನೀರು ನಿಂತು ನೆಲ ಸವಳು-ಜವಳಾಯಿತು, ಕೆಳಗೆ ಕಾಲುವೆಯ ಕೊನೆಯ ರೈತನಿಗೆ ನೀರು ಮುಟ್ಟಲಿಲ್ಲ. ಬೇಸಿಗೆಯಲ್ಲಿ ಇಂಥ ಹೊಲಗಳ ಮೇಲೆ ಉಪ್ಪು ಬಿಳಿಯಾಗಿ ಪೊರೆಗಟ್ಟುವುದನ್ನು ಇಲ್ಲಿನ ಮಕ್ಕಳು ಕಣ್ಣಾರೆ ಕಂಡಿದ್ದಾರೆ.

ಹತ್ತು ಖಾಲಿ ಡಬ್ಬಿ ತರಲಿ. ಐದಕ್ಕೆ ಸವಳು ಮಣ್ಣು, ಐದಕ್ಕೆ ಒಳ್ಳೆಯ ಎರೆಮಣ್ಣು. ಪ್ರತಿ ಡಬ್ಬಿಗೆ ಇಪ್ಪತ್ತು ಕಾಳು ಜೋಳ. ನೀರು ಅಷ್ಟೇ, ಬಿಸಿಲು ಅಷ್ಟೇ, ಮಣ್ಣು ಮಾತ್ರ ಬೇರೆ. ದಿನವೂ ಮೊಳಕೆ ಎಣಿಸಿ, ಸ್ಕೇಲಿನಿಂದ ಎತ್ತರ ಅಳೆದು, ಪಟ್ಟಿ ಹಾಕಲಿ. ಆಮೇಲೆ ಸವಳು ಮಣ್ಣಿಗೆ ಜಿಪ್ಸಂ ಬೆರೆಸಿ ಮತ್ತೊಮ್ಮೆ. ಕಾಲುವೆಯ ತಲೆ, ನಡು, ಕೊನೆಯ ರೈತರನ್ನು ಮಾತಾಡಿಸಿ ಯಾರಿಗೆ ವಾರದಲ್ಲಿ ಎಷ್ಟು ದಿನ ನೀರು ಬರುತ್ತದೆ ಎಂದು ಬರೆದುಕೊಳ್ಳಲಿ. ತೀರ್ಪುಗಾರರು ಹುಡುಕುವುದು ಇಂಥದ್ದನ್ನೇ. ಥರ್ಮಾಕೋಲಿನ ಜ್ವಾಲಾಮುಖಿಯನ್ನು ಅವರು ಸಾಕಷ್ಟು ನೋಡಿದ್ದಾರೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಮಹಾವಿದ್ಯಾಲಯ ಭೀಮರಾಯನಗುಡಿಯಲ್ಲೇ ಇದೆ. ಮಣ್ಣಿನ ವಿಷಯದಲ್ಲಿ ಸಂದೇಹ ಬಂದರೆ ಸೈಕಲ್ ಹತ್ತಿ ಹೋಗಿ ಕೇಳುವಷ್ಟು ಹತ್ತಿರ ವಿಜ್ಞಾನಿಗಳಿರುವ ಹೈಸ್ಕೂಲುಗಳು ರಾಜ್ಯದಲ್ಲಿ ಹೆಚ್ಚಿಲ್ಲ.

ಇನ್‌ಸ್ಪೈರ್ ಅವಾರ್ಡ್ ಮಾನಕ್‌ಗೆ ಮೊದಲು ಮಾದರಿ ತಯಾರಿಸಬೇಕಿಲ್ಲ, ಒಂದು ಯೋಚನೆ ಬರೆದು ಕಳಿಸಿದರೆ ಸಾಕು. ಆರನೇ ತರಗತಿಯಿಂದ ಮೇಲಿನವರಿಗೆ ಇದು; ಒಂದು ಶಾಲೆ ಐದು ಮಕ್ಕಳ ಯೋಚನೆ ಕಳಿಸಬಹುದು. ಆಯ್ಕೆಯಾದ ಮಗುವಿನ ಖಾತೆಗೆ 10,000 ರೂಪಾಯಿ ಬರುತ್ತದೆ, ಮಾದರಿ ಮಾಡಿ ಜಿಲ್ಲಾ ಪ್ರದರ್ಶನಕ್ಕೆ ಒಯ್ಯಲು. ಹತ್ತಿ ಬಿಡಿಸುವಾಗ ಅವ್ವನ ಬೆರಳು ಗೀರುವುದನ್ನು ತಪ್ಪಿಸುವ ಉಪಾಯವೂ ಯೋಚನೆಯೇ.

ಪ್ರತಿಭಾ ಕಾರಂಜಿಗೆ ಬರೋಣ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಏರುವ ಈ ಸ್ಪರ್ಧೆಯಲ್ಲಿ ಹಾಡು, ರಂಗೋಲಿ, ಕವ್ವಾಲಿ, ಗಜಲ್ ಎಲ್ಲವೂ ಇವೆ. ಓದುವ ಮಕ್ಕಳು ಕಣ್ಣಿಡಬೇಕಾದದ್ದು ಚರ್ಚಾಸ್ಪರ್ಧೆ, ಆಶುಭಾಷಣ, ರಸಪ್ರಶ್ನೆಯ ಮೇಲೆ. ಆಶುಭಾಷಣದಲ್ಲಿ ಚೀಟಿ ಎತ್ತಿದ ಮೇಲೆ ಯೋಚಿಸಲು ಸಿಗುವುದು ಕೆಲವೇ ನಿಮಿಷ. ಮೂರು ವಾಕ್ಯ ಮನಸ್ಸಿನಲ್ಲಿ ಜೋಡಿಸಿಕೊಳ್ಳಬೇಕು: ವಿಷಯವೇನು, ನಾನು ಕಂಡ ಒಂದು ಉದಾಹರಣೆ, ಆಗಬೇಕಾದ್ದೇನು. ನಮ್ಮ ಕಡೆಯ ಮಕ್ಕಳು ಮನೆಮಾತು ತಪ್ಪೆಂದುಕೊಂಡು ವೇದಿಕೆಯಲ್ಲಿ ನಾಲಿಗೆ ಕಟ್ಟಿಸಿಕೊಳ್ಳುತ್ತಾರೆ. ಸುರಪುರದ ಮಾತಿನಲ್ಲೇ ನಿರರ್ಗಳವಾಗಿ ಹೇಳಿದ ಮಗುವಿಗೆ ಅಂಕ ಕಡಿಮೆ ಕೊಡುವ ತೀರ್ಪುಗಾರರಿದ್ದರೆ ಅವರದೇ ತಪ್ಪು.

ರಸಪ್ರಶ್ನೆಗೆ ಹೋಗುವ ಮಕ್ಕಳು ಪ್ಯಾರಿಸ್ಸಿನ ಗೋಪುರದ ಎತ್ತರ ಉರು ಹೊಡೆಯುತ್ತಾರೆ. ಅದರ ಜೊತೆಗೆ ಇವೂ ಬಾಯಲ್ಲಿರಲಿ. ಹುಣಸಗಿ ಸೀಮೆಯ ಇಸಾಂಪುರದಲ್ಲಿ ಕೆ. ಪದ್ದಯ್ಯ ಉತ್ಖನನ ಮಾಡಿದ ಆದಿಮಾನವರ ಕಲ್ಲಿನ ಆಯುಧಗಳ ನೆಲೆ ಸುಮಾರು 12 ಲಕ್ಷ ವರ್ಷ ಹಳೆಯದು. ರಾಜನಕೋಳೂರಿನಲ್ಲಿ ಬೃಹತ್ ಶಿಲಾಯುಗದ ಕಲ್ಲುಗೋರಿಗಳಿವೆ. ವಚನಕಾರ ದೇವರ ದಾಸಿಮಯ್ಯನ ಊರು ಸುರಪುರ ಸೀಮೆಯ ಮುದನೂರು. ಬೋನಾಳ ಕೆರೆ ಪಕ್ಷಿಧಾಮ. 1857–58ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಸುರಪುರದ ರಾಜಾ ವೆಂಕಟಪ್ಪ ನಾಯಕ ಚಿಕ್ಕವನಿದ್ದಾಗ ಅವನ ಪಾಲಕನಾಗಿದ್ದವನು ಮೆಡೋಸ್ ಟೇಲರ್. ಅವನು 1839ರಲ್ಲಿ ಬರೆದ ಕಾದಂಬರಿ ‘ಕನ್ಫೆಷನ್ಸ್ ಆಫ್ ಎ ಥಗ್’; ಅವನ ಬಂಗಲೆ ಟೇಲರ್ ಮಂಜಿಲ್ ಸುರಪುರದ ಗುಡ್ಡದ ಮೇಲಿದೆ.

ಐಟಿ ರಸಪ್ರಶ್ನೆಯಲ್ಲಿ ಹಳ್ಳಿ ಮಕ್ಕಳಿಗಾಗಿಯೇ ಒಂದು ಸ್ಪರ್ಧೆ ಇದೆ. ರಾಜ್ಯ ಸರ್ಕಾರ ಮತ್ತು ಟಿಸಿಎಸ್ ಸೇರಿ 2000ರಲ್ಲಿ ಶುರು ಮಾಡಿದ ಗ್ರಾಮೀಣ ಐಟಿ ಕ್ವಿಜ್‌ಗೆ ಮಹಾನಗರಪಾಲಿಕೆ ವ್ಯಾಪ್ತಿಯ ಶಾಲೆಗಳಿಗೆ ಪ್ರವೇಶವಿಲ್ಲ.

ದೂರದರ್ಶನ ಚಂದನದಲ್ಲಿ 2002ರಲ್ಲಿ ಶುರುವಾಗಿ ಡಾ. ನಾ. ಸೋಮೇಶ್ವರ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ಯಲ್ಲಿ ಬಹುಮಾನವೆಂದರೆ ಕನ್ನಡ ಪುಸ್ತಕ. ಊರಿನ ಯುವಕ ಸಂಘಗಳು ರಾಜ್ಯೋತ್ಸವದ ಸ್ಪರ್ಧೆಗಳಲ್ಲಿ ಸ್ಟೀಲ್ ತಟ್ಟೆ, ಪ್ಲಾಸ್ಟಿಕ್ ಕಪ್ ಕೊಡುವುದನ್ನು ಬಿಟ್ಟು ಇದನ್ನೇ ಅನುಸರಿಸಿದರೆ ಒಳ್ಳೆಯದು.

ಎಲ್ಲ ಸ್ಪರ್ಧೆಗಳೂ ಉಳಿದಿಲ್ಲ. 1963ರಲ್ಲಿ ದೆಹಲಿಯಲ್ಲಿ ಹತ್ತು ವಿದ್ಯಾರ್ಥಿವೇತನಗಳೊಂದಿಗೆ ಶುರುವಾಗಿ ಮುಂದೆ ಎನ್‌ಟಿಎಸ್‌ಇ ಎಂದು ಹೆಸರಾದ ಪರೀಕ್ಷೆ ಕೆಲವು ವರ್ಷಗಳಿಂದ ನಿಂತಿದೆ. 1999ರಲ್ಲಿ ಶುರುವಾದ ವಿಜ್ಞಾನ ವಿದ್ಯಾರ್ಥಿವೇತನ ಕೆವಿಪಿವೈ 2022ರಲ್ಲಿ ಮುಗಿಯಿತು. ಎನ್‌ಟಿಎಸ್‌ಇ ಮತ್ತೆ ಶುರುವಾಗಬೇಕು. ಹತ್ತನೇ ತರಗತಿಯ ಮಗುವಿಗೆ ಅದರ ಜಾಗ ತುಂಬುವಂಥದ್ದು ಇನ್ನೂ ಬಂದಿಲ್ಲ.

ಕೊನೆಗೆ, ಮೊದಲು ಹೇಳಿದ ಎನ್‌ಎಂಎಂಎಸ್ ಹಣದ ಬಗ್ಗೆ ಮುಖ್ಯವಾದ ಮಾತು. ಪರೀಕ್ಷೆ ಪಾಸಾದರೆ ಹಣ ತಾನಾಗಿ ಬರುವುದಿಲ್ಲ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಮೊದಲ ವರ್ಷ ಹೊಸ ಅರ್ಜಿ, ಆಮೇಲೆ ಪ್ರತಿ ವರ್ಷ ನವೀಕರಣ ಮಾಡಬೇಕು. ಹತ್ತನೇ ತರಗತಿಯಲ್ಲಿ ಶೇ 60 ಬಂದರೆ ಮಾತ್ರ ಪಿಯುಸಿಗೂ ಮುಂದುವರಿಯುತ್ತದೆ, ಪರಿಶಿಷ್ಟರಿಗೆ ಶೇ 55. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮತ್ತೊಂದು ಇದ್ದರೆ ಅರ್ಜಿ ಅಲ್ಲೇ ಸಿಕ್ಕಿಬೀಳುತ್ತದೆ. ಮನೆಯಲ್ಲಿ ಏಳನೇ ತರಗತಿಯ ಮಗು ಇದ್ದರೆ ಈ ಬೇಸಿಗೆಯಲ್ಲೇ ಮೂರೂ ಹೆಸರು ಒಂದಾಗಿವೆಯೇ ನೋಡಿ. ನಾಡಕಚೇರಿಯಲ್ಲಿ ಆದಾಯ, ಜಾತಿ ಪ್ರಮಾಣಪತ್ರ ಮಾಡಿಸಿ. ಮಗುವಿನ ಹೆಸರಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿ. ಜೂನ್‌ನಲ್ಲಿ ಶಾಲೆ ತೆರೆದ ವಾರವೇ ಹೋಗಿ ಮುಖ್ಯ ಗುರುಗಳನ್ನು ಕೇಳಿ: ‘ಸರ್, ಎನ್‌ಎಂಎಂಎಸ್ ಅರ್ಜಿ ಯಾವಾಗ್ರಿ?’